ಗಾಯ ಮಾಯುವುದೂ ಮುಪ್ಪು ಮಾಯವಾಗುವುದೂ

ದೇಹದ ಕೋಶ ಸಾಮಾನ್ಯವಾಗಿ ತನ್ನಂಥದನ್ನೇ ಹುಟ್ಟಿಸುತ್ತದೆ. ಚರ್ಮದಿಂದ ಚರ್ಮ, ಯಕೃತ್ತಿನಿಂದ ಯಕೃತ್ತು. ಈ ನಿಯಮಕ್ಕೆ ಹೊರತಾದ ಕೆಲವು ಕೋಶಗಳು ಮೈಯಲ್ಲಿ ಅಲ್ಲಲ್ಲಿ ಅಡಗಿ ಕೂತಿವೆ. ಅಂಥ ಕೋಶ ಎರಡಾದಾಗ ಒಂದು ಪಾಲು ಇದ್ದಂತೆಯೇ ಉಳಿಯುತ್ತದೆ, ಇನ್ನೊಂದು ಪಾಲು ರಕ್ತವೋ ಚರ್ಮವೋ ಕರುಳಿನ ಒಳಪದರವೋ ಆಗಲು ಹೊರಡುತ್ತದೆ. ಇದನ್ನೇ ಸ್ಟೆಮ್ ಸೆಲ್ ಎನ್ನುವುದು. ಕನ್ನಡದಲ್ಲಿ ಕಾಂಡಕೋಶ, ಆಕರಕೋಶ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಮೊದಲನೆಯದು ಪದಕ್ಕೆ ಪದ ಇಟ್ಟು ಮಾಡಿದ್ದು. ಎರಡನೆಯದು ಅದರ ಕೆಲಸವನ್ನೇ ಹೇಳುತ್ತದೆ: ತೆಗೆದರೂ ಬರಿದಾಗದ ಗಣಿ. ಇಲ್ಲಿ ಎರಡನೆಯದನ್ನೇ ಬಳಸಿದೆ.

ಇಂಥದೊಂದು ಕೋಶ ನಿಜಕ್ಕೂ ಇದೆಯೆಂದು ತೋರಿಸಿದವರು ಟೊರಾಂಟೊದ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್. 1961ರಲ್ಲಿ ಅವರು ವಿಕಿರಣದಿಂದ ಮಜ್ಜೆ ಸತ್ತ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಕೊಟ್ಟರು. ಕೆಲವು ದಿನ ಕಳೆದು ನೋಡಿದರೆ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳೆದ್ದಿದ್ದವು. ಒಂದೊಂದು ಗಂಟೂ ಒಂದೇ ಒಂದು ಕೋಶದ ಸಂತಾನವೆಂದು ಮುಂದೆ ಖಚಿತವಾಯಿತು. ಅಸ್ಥಿಮಜ್ಜೆ ಕಸಿಯಾದ ರೋಗಿಯ ಮೈಯಲ್ಲಿ ನಡೆಯುವುದೂ ಇದೇ. ರಕ್ತದ ಕ್ಯಾನ್ಸರಿಗೆ ಈ ಕಸಿಯನ್ನು ರೂಢಿಗೆ ತಂದ ಡೊನಾಲ್ ಥಾಮಸ್ 1990ರ ನೊಬೆಲ್ ಹಂಚಿಕೊಂಡರು.

ಗಾಯ ಮಾಯುವುದನ್ನು ಹತ್ತಿರದಿಂದ ನೋಡಬೇಕಾದರೆ ಕಣ್ಣಿನ ಉದಾಹರಣೆಗಿಂತ ಸ್ಪಷ್ಟವಾದದ್ದು ಸಿಗುವುದು ಕಷ್ಟ. ಎಲೆಅಡಿಕೆಯ ಸುಣ್ಣದ ಪುಟ್ಟ ಪ್ಯಾಕೆಟ್ಟನ್ನು ಮಗು ಹಿಚುಕಿ ಆಡುತ್ತಿರುತ್ತದೆ. ಅದು ಒಡೆದು ಕಣ್ಣಿಗೆ ಸಿಡಿಯುತ್ತದೆ. ಸುಣ್ಣ ಕ್ಷಾರ, ಆಮ್ಲಕ್ಕಿಂತ ಆಳಕ್ಕೆ ಇಳಿದು ಸುಡುತ್ತದೆ. ಬಿಳಿಗುಡ್ಡೆಯೂ ಕರಿಗುಡ್ಡೆಯೂ ಸೇರುವ ಅಂಚಿನಲ್ಲಿ, ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ದಿನವೂ ಹೊಸದು ಮಾಡುವ ಆಕರಕೋಶಗಳಿರುತ್ತವೆ. ಅವು ಬೆಂದುಹೋದರೆ ಗಾಜಿನಂತಿದ್ದ ಪೊರೆಯ ಮೇಲೆ ರಕ್ತನಾಳಗಳು ಹಬ್ಬಿ ಕಣ್ಣು ಮಬ್ಬಾಗುತ್ತದೆ. ಬೇರೆಯವರ ಕಾರ್ನಿಯಾ ಕಸಿ ಮಾಡಿದರೂ ಪ್ರಯೋಜನವಿಲ್ಲ, ಅದನ್ನು ಪೋಷಿಸುವ ಅಂಚೇ ಸತ್ತಿದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೀರೇಂದರ್ ಸಾಂಗ್ವಾನ್ ಮತ್ತು ಜತೆಗಾರರು 2012ರಲ್ಲಿ ಇದಕ್ಕೊಂದು ಸರಳ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ಚೆನ್ನಾಗಿರುವ ಕಣ್ಣಿನ ಅಂಚಿನಿಂದ ಎರಡು ಮಿಲಿಮೀಟರ್ ಉದ್ದಗಲದ ಚೂರು ತೆಗೆಯುತ್ತಾರೆ. ಅದನ್ನು ಎಂಟು ಹತ್ತು ತುಣುಕು ಮಾಡಿ, ಕೆಟ್ಟ ಕಣ್ಣಿನ ಮೇಲೆ ಹಾಸಿದ ತೆಳುಪೊರೆಯೊಂದರ ಮೇಲೆ ಅಂಟಿಸುತ್ತಾರೆ, ಗದ್ದೆಯಲ್ಲಿ ಪೈರು ನಾಟಿದ ಹಾಗೆ. ಕೆಲವು ವಾರಗಳಲ್ಲಿ ತುಣುಕುಗಳು ಹಬ್ಬಿ ಒಂದನ್ನೊಂದು ಮುಟ್ಟುತ್ತವೆ. ಕೆಳಗೆ ಹಾಸಿದ ಆ ಪೊರೆ ಯಾರೋ ಒಬ್ಬ ತಾಯಿ ಹೆರಿಗೆಯ ನಂತರ ದಾನ ಕೊಟ್ಟ ಮಾಸಿನದು. ಹಳ್ಳಿಮನೆಗಳಲ್ಲಿ ಹಿತ್ತಿಲಿನಲ್ಲಿ ಹೂಳುತ್ತಿದ್ದ ಅದೇ ಮಾಸು.

ಈ ಚಿಕಿತ್ಸೆಯ ಬಗ್ಗೆ ಧರ್ಮಪಂಡಿತರು ತಕರಾರು ಎತ್ತಿದ್ದು ಕೇಳಿಲ್ಲ. ಒಂದು ಕಣ್ಣು ಇನ್ನೊಂದಕ್ಕೆ ಸಾಲ ಕೊಟ್ಟಿದೆ, ಕೊಟ್ಟ ಕಣ್ಣು ಕೆಟ್ಟಿಲ್ಲ. ತಕರಾರು ಶುರುವಾಗುವುದು ಎರಡು ಕಡೆ: ಕೋಶ ಬೇರೊಬ್ಬರಿಂದ ಬಂದಾಗ, ಮತ್ತು ಗಾಯವಿಲ್ಲದ ಮೈಗೆ ಕೇವಲ ಮುಪ್ಪು ತೆಗೆಯಲು ಅದನ್ನು ಬಳಸಹೊರಟಾಗ.

ಎರಡನೆಯ ತಕರಾರಿನ ಹಿಂದಿರುವ ಭೇದ, ರೋಗ ಕಳೆಯುವುದು ಬೇರೆ ಮುಪ್ಪು ತೆಗೆಯುವುದು ಬೇರೆ ಎಂಬುದು, ಆಯುರ್ವೇದಕ್ಕೆ ಹೊಸದಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನ ತೆರೆಯುವುದೇ ಔಷಧಿಯನ್ನು ಇಬ್ಭಾಗ ಮಾಡಿ. ಒಂದು ನೊಂದವನ ರೋಗ ಕಳೆಯುವುದು, ಇನ್ನೊಂದು ಆರೋಗ್ಯವಂತನಿಗೆ ಕಸುವು ಕೊಡುವುದು. ಮುಪ್ಪು ದೂರವಿಡುವ ರಸಾಯನ ಸೇರುವುದು ಎರಡನೆಯದರಲ್ಲಿ. ವೃದ್ಧ ಚ್ಯವನನಿಗೆ ಹರೆಯ ಮರಳಿತೆಂಬ ಕಥೆ ಬರುವುದೂ ಅಲ್ಲಿಯೇ, ಇಂದಿಗೂ ಅಂಗಡಿಯಲ್ಲಿ ಡಬ್ಬಿಯ ಮೇಲೆ ಅವನ ಹೆಸರು ಕಾಣುತ್ತದೆ. ಒಂದರೊಳಗೊಂದು ಮೂರು ಆವರಣದ ಕುಟಿಯಲ್ಲಿ ಗಾಳಿಬಿಸಿಲಿಲ್ಲದೆ ಇದ್ದು ಮಾಡುವ ರಸಾಯನವೊಂದು, ಗಾಳಿಬಿಸಿಲಲ್ಲೇ ಓಡಾಡಿಕೊಂಡು ಮಾಡುವುದು ಇನ್ನೊಂದು. ಇವೆರಡರ ಪಕ್ಕದಲ್ಲಿ ಚರಕ ಮೂರನೆಯದನ್ನೂ ಇಟ್ಟಿದೆ: ಸತ್ಯ ನುಡಿಯುವವನು, ಸಿಟ್ಟಿಲ್ಲದವನು, ಹಿತಮಿತವಾಗಿ ಬದುಕುವವನು ಯಾವ ಮದ್ದೂ ತಿನ್ನದೆ ರಸಾಯನದ ಫಲ ಪಡೆಯುತ್ತಾನೆ. ಮನಸ್ಸು ಹತೋಟಿಯಲ್ಲಿಲ್ಲದವನಿಗೆ ಮದ್ದು ಕೊಟ್ಟರೂ ಫಲವಿಲ್ಲ. ಇಂದಿನ ಕ್ಲಿನಿಕ್ಕುಗಳ ಜಾಹೀರಾತಿನಲ್ಲಿ ಈ ಷರತ್ತನ್ನು ಹುಡುಕಿದರೆ ಸಿಗುವುದಿಲ್ಲ.

ಸುಶ್ರುತಸಂಹಿತೆಯ ಸೋಮರಸಾಯನ ಇನ್ನೂ ವಿಚಿತ್ರ. ಸೋಮ ಕುಡಿದವನ ಮೈ ಊದುತ್ತದೆ, ತೊಗಲು ಸುಲಿಯುತ್ತದೆ, ಹಲ್ಲು ಉಗುರು ಕೂದಲು ಉದುರುತ್ತವೆ. ಆಮೇಲೆ ಎಲ್ಲವೂ ಹೊಸದಾಗಿ ಮೂಡುತ್ತವೆ. ಹರೆಯ ಹಳೆಯದರ ಮೇಲೆ ಬಳಿಯುವ ಬಣ್ಣವಲ್ಲ, ಹಳೆಯದು ಮೊದಲು ಹೋಗಬೇಕು ಎಂಬ ಅರಿವು ಈ ವರ್ಣನೆಯಲ್ಲಿದೆ. ಜತೆಗೊಂದು ಎಚ್ಚರಿಕೆ: ಕೃತಘ್ನರಿಗೆ, ಅಧರ್ಮಿಗಳಿಗೆ ಸೋಮಲತೆ ಕಣ್ಣಿಗೇ ಬೀಳುವುದಿಲ್ಲ. ರಸಾಯನದ ದಾರಿಯನ್ನು ಆಧುನಿಕ ಕಾಲದಲ್ಲಿ ಹಿಡಿದು ನೋಡಿದವರೂ ಉಂಟು. 1938ರಲ್ಲಿ ರಾಷ್ಟ್ರನಾಯಕ ಮದನಮೋಹನ ಮಾಳವೀಯರು ತಮ್ಮ ಎಪ್ಪತ್ತಾರರ ಆಸುಪಾಸಿನಲ್ಲಿ ತಪಸಿ ಬಾಬಾ ಎಂಬವರ ಕೈಯಲ್ಲಿ, ಮೈಯನ್ನು ಹೊಸದಾಗಿಸುವ ಕಾಯಕಲ್ಪ ಮಾಡಿಸಿಕೊಂಡರು. ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ಬಂದ ಚೇತರಿಕೆ ಬಹಳ ಕಾಲ ನಿಲ್ಲಲಿಲ್ಲ. 1946ರಲ್ಲಿ ಅವರು ತೀರಿಕೊಂಡರು.

ಪುರಾಣವನ್ನು ಹೀಗೆ ಪಕ್ಕದಲ್ಲಿಟ್ಟು ಓದುವುದು ಬೇರೆ, ಪುರಾಣದಲ್ಲೇ ಎಲ್ಲವೂ ಇತ್ತು ಎನ್ನುವುದು ಬೇರೆ. ಗಾಂಧಾರಿಯ ಮಾಂಸಪಿಂಡವನ್ನು ವ್ಯಾಸರು ತುಪ್ಪದ ಗಡಿಗೆಗಳಲ್ಲಿಟ್ಟು ನೂರು ಮಕ್ಕಳನ್ನು ಪಡೆದದ್ದು ಆಕರಕೋಶ ತಂತ್ರಜ್ಞಾನದಿಂದಲೇ ಎಂದು 2019ರ ಜಲಂಧರ್ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಒಬ್ಬ ಕುಲಪತಿಗಳು ಹೇಳಿದ್ದರು. ಹಾಗೆಂದಾಗ ಕಥೆಯೂ ಕೆಡುತ್ತದೆ, ವಿಜ್ಞಾನವೂ ಕೆಡುತ್ತದೆ. ಗಾಂಧಾರಿಯ ಕಥೆ ಕೇಳುವುದು ಇಂಥ ಹುಟ್ಟಿನಿಂದ ಮುಂದೇನಾಯಿತು ಎಂಬುದನ್ನು.

ಇನ್ನು ಕೋಶ ಯಾರದು ಎಂಬ ಪ್ರಶ್ನೆ. 1998ರಲ್ಲಿ ವಿಸ್ಕಾನ್ಸಿನ್ನಿನ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಆಕರಕೋಶಗಳನ್ನು ತೆಗೆದು ಬೆಳೆಸಿದರು. ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಉಳಿದುಹೋದ, ಐದಾರು ದಿನದ ಭ್ರೂಣಗಳವು. ಮಜ್ಜೆಯ ಕೋಶ ರಕ್ತವನ್ನಷ್ಟೇ ಕೊಟ್ಟರೆ ಭ್ರೂಣದ ಕೋಶ ಮೈಯ ಯಾವ ಅಂಗವಾದರೂ ಆಗಬಲ್ಲದು. ಆದರೆ ಅದನ್ನು ತೆಗೆದರೆ ಭ್ರೂಣ ಉಳಿಯುವುದಿಲ್ಲ. ಸೂಜಿಮೊನೆಯಷ್ಟೂ ಇಲ್ಲದ ಆ ಕೋಶಗಳ ಉಂಡೆ ಮನುಷ್ಯನೋ ಅಲ್ಲವೋ?

ರೋಮನ್ ಕ್ಯಾಥೊಲಿಕ್ ಚರ್ಚಿನ ಉತ್ತರದಲ್ಲಿ ಗೊಂದಲವಿಲ್ಲ. ಗರ್ಭ ಕಟ್ಟಿದ ಕ್ಷಣದಿಂದಲೇ ಅದಕ್ಕೆ ವ್ಯಕ್ತಿಗೆ ಸಲ್ಲುವ ಮರ್ಯಾದೆ ಸಲ್ಲಬೇಕು, ಭ್ರೂಣ ನಾಶ ತಪ್ಪು, ದೊಡ್ಡವರ ಮೈಯಿಂದ ತೆಗೆದ ಕೋಶಕ್ಕೆ ಅಡ್ಡಿಯಿಲ್ಲ. 1987 ಮತ್ತು 2008ರ ವ್ಯಾಟಿಕನ್ ಬೋಧನೆಗಳು ಹೇಳುವುದು ಇದನ್ನೇ. ಯೆಹೂದಿ ಧರ್ಮಶಾಸ್ತ್ರದಲ್ಲಿ ನಲವತ್ತು ದಿನದವರೆಗಿನ ಗರ್ಭ ಬರೀ ನೀರಿನಂತೆ ಎಂಬ ಮಾತಿದೆ. ಗರ್ಭಕೋಶದ ಹೊರಗಿರುವ ಭ್ರೂಣದ ಸ್ಥಾನ ಅಲ್ಲಿ ಇನ್ನೂ ಹಗುರ. ಇಸ್ಲಾಮಿನ ಹಲವು ವಿದ್ವಾಂಸರು ಆತ್ಮ ಪ್ರವೇಶಕ್ಕೆ 120 ದಿನದ ಲೆಕ್ಕ ಹಿಡಿಯುತ್ತಾರೆ. ಇರಾನಿನಲ್ಲಿ 2002ರಲ್ಲೇ ಈ ಸಂಶೋಧನೆಗೆ ಧಾರ್ಮಿಕ ಒಪ್ಪಿಗೆ ಸಿಕ್ಕಿತು. ಭಾರತೀಯ ಗ್ರಂಥಗಳು ಒಂದೇ ಮಾತು ಹೇಳುವುದಿಲ್ಲ. ಶುಕ್ರಶೋಣಿತಗಳ ಸಂಯೋಗದಲ್ಲೇ ಜೀವ ಇಳಿಯುತ್ತದೆ ಎಂಬುದು ಚರಕದ ಮತ. ಗರ್ಭೋಪನಿಷತ್ತು ಜೀವ ಸೇರುವುದನ್ನು ಏಳನೆಯ ತಿಂಗಳಿಗೆ ಇಡುತ್ತದೆ. ಭ್ರೂಣಹತ್ಯೆಯನ್ನು ಮಹಾಪಾತಕವೆಂದ ಧರ್ಮಶಾಸ್ತ್ರಕಾರರಿಗೆ ಗಾಜಿನ ತಟ್ಟೆಯ ಭ್ರೂಣವನ್ನು ಕಲ್ಪಿಸಿಕೊಳ್ಳುವ ಅಗತ್ಯ ಬಿದ್ದಿರಲಿಲ್ಲ.

ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ ಹದಿನಾಲ್ಕು ದಿನದ ಗೆರೆ ಎಳೆಯಿತು. ಬೆನ್ನುಹುರಿಯ ದಿಕ್ಕು ತೋರಿಸುವ ಮೊದಲ ಗೀಟು ಭ್ರೂಣದಲ್ಲಿ ಮೂಡುವುದು ಆ ಹೊತ್ತಿಗೆ. ಅಲ್ಲಿಯತನಕ ಒಂದು ಭ್ರೂಣ ಸೀಳಿ ಅವಳಿಯಾಗುವ ಸಾಧ್ಯತೆ ಇರುತ್ತದೆ. ಕ್ಷಣಮಾತ್ರದಲ್ಲಿ ಜೀವ ಇಳಿಯಿತು ಎನ್ನುವವರಿಗೆ ಇದು ಸಣ್ಣ ತೊಡಕಲ್ಲ: ಮೂರನೆಯ ದಿನ ಇದ್ದದ್ದು ಒಂದು ಜೀವವೋ ಎರಡೋ? ಭಾರತದ ಮಾರ್ಗಸೂಚಿಗಳೂ ಇದೇ ಗೆರೆಯನ್ನು ಒಪ್ಪಿಕೊಂಡಿವೆ.

ವಾದ ತೀರ್ಮಾನವಾಗದೆಯೇ ಅದರ ಬಿಸಿ ಇಳಿದದ್ದು ಕ್ಯೋಟೊದ ಶಿನ್ಯಾ ಯಮನಾಕ ಅವರಿಂದ. ಗೆಳೆಯನ ಬಂಜೆತನ ಚಿಕಿತ್ಸಾಲಯದಲ್ಲಿ ಸೂಕ್ಷ್ಮದರ್ಶಕದಡಿ ಭ್ರೂಣವೊಂದನ್ನು ನೋಡಿದಾಗ, ಅದಕ್ಕೂ ತಮ್ಮ ಹೆಣ್ಣುಮಕ್ಕಳಿಗೂ ಹೆಚ್ಚು ಅಂತರವಿಲ್ಲ ಅನ್ನಿಸಿತೆಂದು ಅವರು ಹೇಳಿಕೊಂಡಿದ್ದಾರೆ. ಭ್ರೂಣ ಮುಟ್ಟದ ದಾರಿ ಹುಡುಕುತ್ತ ಅವರು ಇಪ್ಪತ್ತನಾಲ್ಕು ಜೀನ್‌ಗಳಿಂದ ಶುರುಮಾಡಿ ನಾಲ್ಕಕ್ಕೆ ಇಳಿದರು. 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಧಾರಣ ಚರ್ಮಕೋಶಕ್ಕೆ ಆ ನಾಲ್ಕನ್ನು ಸೇರಿಸಿದಾಗ ಅದು ಹಿಂದಕ್ಕೆ ನಡೆದು ಭ್ರೂಣಕೋಶದಂತಾಯಿತು. 2012ರ ನೊಬೆಲ್ ಅವರಿಗೂ, ಕಪ್ಪೆಯ ಕೋಶಗಳಲ್ಲಿ ಇದರ ಸಾಧ್ಯತೆಯನ್ನು ಐವತ್ತು ವರ್ಷ ಮೊದಲೇ ತೋರಿಸಿದ್ದ ಜಾನ್ ಗರ್ಡನ್ ಅವರಿಗೂ ಸಂದಿತು. ಒಬ್ಬ ವಿಜ್ಞಾನಿಯ ಅಳುಕು ಒಂದು ಶಾಸ್ತ್ರದ ದಿಕ್ಕು ಬದಲಿಸಿದ ಉದಾಹರಣೆಗಳು ಹೆಚ್ಚಿಲ್ಲ.

ಕೋಶ ಅವರವರದೇ ಆದಮೇಲೆ ಇನ್ನೊಂದು ಹಳೆಯ ಪ್ರಶ್ನೆ ಮುಂದೆ ಬರುತ್ತದೆ. ಭಾಗಭಾಗವಾಗಿ ಹೊಸದಾದ ಮೈ ಅದೇ ಮೈಯೋ?

ಪಂಪನ ಆದಿಪುರಾಣದಲ್ಲಿ (ಕ್ರಿ.ಶ. 941) ಭೋಗದಲ್ಲಿ ಮುಳುಗಿದ ವೃಷಭನಾಥನನ್ನು ಎಚ್ಚರಿಸಲು ಇಂದ್ರ ನೀಲಾಂಜನೆಯ ನೃತ್ಯ ಏರ್ಪಡಿಸುತ್ತಾನೆ. ಅವಳ ಆಯುಷ್ಯ ಮುಗಿಯಲು ಕ್ಷಣಗಳಷ್ಟೇ ಉಳಿದಿವೆ. ಕುಣಿಯುತ್ತ ಕುಣಿಯುತ್ತಲೇ ಅವಳು ಮಿಂಚಿನಂತೆ ಇಲ್ಲವಾಗುತ್ತಾಳೆ. ರಸಭಂಗವಾಗದಂತೆ ಇಂದ್ರ ಅದೇ ರೂಪದ, ಅದೇ ಹೆಜ್ಜೆಯ ಇನ್ನೊಬ್ಬಳನ್ನು ಅಲ್ಲೇ ನಿಲ್ಲಿಸುತ್ತಾನೆ. ಸಭೆಗೆ ಏನೂ ಗೊತ್ತಾಗುವುದಿಲ್ಲ. ವೃಷಭನಾಥ ಮಾತ್ರ ಕಾಣುತ್ತಾನೆ, ಕಂಡು ವಿರಕ್ತನಾಗುತ್ತಾನೆ.

ಮೈಯೊಳಗೆ ಈ ನೃತ್ಯ ದಿನವೂ ನಡೆಯುತ್ತಿದೆ. ದೊಡ್ಡವರ ದೇಹದಲ್ಲಿ ದಿನಕ್ಕೆ ಸುಮಾರು 33,000 ಕೋಟಿ ಕೋಶಗಳು, ತೂಕದಲ್ಲಿ ಸುಮಾರು 80 ಗ್ರಾಂ, ಹೋಗಿ ಬೇರೆ ಬರುತ್ತವೆ ಎಂಬ ಅಂದಾಜು 2021ರಲ್ಲಿ ಪ್ರಕಟವಾಯಿತು. ಕರುಳಿನ ಒಳಪದರ ಕೆಲವೇ ದಿನಗಳದು, ಕೆಂಪು ರಕ್ತಕಣ 120 ದಿನಗಳದು. ಆದರೆ ಎಲ್ಲ ಅಂಗಗಳೂ ಹೀಗಲ್ಲ. ಸ್ವೀಡನ್ನಿನ ಯೋನಾಸ್ ಫ್ರಿಸೇನ್ ಕೋಶಗಳ ವಯಸ್ಸು ತಿಳಿಯಲು ಅಣುಬಾಂಬನ್ನು ಗಡಿಯಾರವಾಗಿ ಬಳಸಿದರು. 1963ರವರೆಗಿನ ಪರೀಕ್ಷಾಸ್ಫೋಟಗಳಿಂದ ಗಾಳಿಯಲ್ಲಿ ಏರಿದ್ದ ವಿಕಿರಣಶೀಲ ಇಂಗಾಲ ಕೋಶದ ಡಿಎನ್‌ಎಯಲ್ಲಿ ಎಷ್ಟಿದೆ ಎಂದು ಅಳೆದರೆ ಅದು ಹುಟ್ಟಿದ ವರ್ಷ ಸಿಗುತ್ತದೆ. ಹೃದಯದ ಸ್ನಾಯುಕೋಶಗಳಲ್ಲಿ ಇಪ್ಪತ್ತೈದರ ವಯಸ್ಸಿನಲ್ಲಿ ವರ್ಷಕ್ಕೆ ನೂರಕ್ಕೆ ಒಂದರಷ್ಟು ಬದಲಾಗುತ್ತವೆ, ಎಪ್ಪತ್ತೈದಕ್ಕೆ ಅದರ ಅರ್ಧಕ್ಕಿಂತ ಕಡಿಮೆ. ಮಿದುಳಿನ ಹೊರಪದರದ ನರಕೋಶಗಳಂತೂ ಮನುಷ್ಯನಷ್ಟೇ ವಯಸ್ಸಿನವು. ಒಂದೇ ಮೈಯಲ್ಲಿ ವಾರದ ಕೂಸೂ ಎಂಬತ್ತರ ಮುದುಕನೂ ಒಟ್ಟಿಗೆ ಬಾಳುತ್ತಿದ್ದಾರೆ.

ಬೌದ್ಧರಿಗೆ ಇದು ಸಹಜ. ದೀಪದ ಕುಡಿ ಕ್ಷಣಕ್ಷಣಕ್ಕೂ ಬೇರೆ, ಉರಿ ಮಾತ್ರ ಮುಂದುವರಿಯುತ್ತದೆ. ನ್ಯಾಯ ವೈಶೇಷಿಕರು ಬೆಳೆಯುವ ಮೈ ಪ್ರತಿ ಸಲವೂ ಹೊಸ ಮೈ ಎಂದು ಒಪ್ಪಿಯೂ, ಅಂದು ನೋಡಿದ ನಾನೇ ಇಂದು ಮುಟ್ಟುತ್ತಿದ್ದೇನೆ ಎಂಬ ಗುರುತಿಗೆ ಆತ್ಮ ಬೇಕು ಎಂದರು. ಬ್ರಹ್ಮಸೂತ್ರದ ಭಾಷ್ಯದಲ್ಲಿ ಶಂಕರರು ಕ್ಷಣಿಕವಾದಕ್ಕೆ ಎದುರಾಗಿ ನೆನಪನ್ನೇ ಸಾಕ್ಷಿಗೆ ಕರೆಯುತ್ತಾರೆ. ಆಕರಕೋಶಕ್ಕೆ ಹೆಚ್ಚು ಹೊಂದುವುದು ಜೈನರ ಮಾತು. ತತ್ತ್ವಾರ್ಥಸೂತ್ರ ಇರುವಿಕೆಯನ್ನು ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರರ ಕೂಟವೆಂದು ಹೇಳುತ್ತದೆ. ಹುಟ್ಟು, ಅಳಿವು, ನೆಲೆ ಮೂರೂ ಏಕಕಾಲಕ್ಕೆ. ಒಡೆದ ಆಕರಕೋಶದ ಒಂದು ಪಾಲು ನಿಂತಲ್ಲೇ ನಿಂತಿದೆ, ಇನ್ನೊಂದು ಹೊಸ ರೂಪಕ್ಕೆ ಹೊರಟಿದೆ, ಅದು ತುಂಬಲಿರುವ ಜಾಗದಲ್ಲಿ ಹಳೆಯದು ಸಾಯುತ್ತಿದೆ. ಸೂತ್ರಕಾರರ ಮನಸ್ಸಿನಲ್ಲಿ ಕೋಶವಿರಲಿಲ್ಲ, ನಿಜ. ಆದರೂ ಈ ದೃಷ್ಟಿಯಲ್ಲಿ ಚಿಕಿತ್ಸೆಯಿಂದ ಹೊಸದಾದ ಮಂಡಿಯೋ ಕಣ್ಣೋ ಗುರುತಿನ ಸಮಸ್ಯೆಯೇ ಅಲ್ಲ, ದಿನದ ವ್ಯವಹಾರದ ಮುಂದುವರಿಕೆ. ಸಮಸ್ಯೆ ಬರುವುದು ನೆನಪು ಕೂತಿರುವ ಮಿದುಳನ್ನೂ ಹೀಗೆಯೇ ಬದಲಿಸಲು ಹೊರಟಾಗ. ಅಲ್ಲಿ ಹೊಸ ಕೋಶ ಬಂದರೆ ಹಳೆಯ ಹೆಜ್ಜೆ ಅದಕ್ಕೆ ಗೊತ್ತಿರುವುದಿಲ್ಲ, ಸಭೆಗೆ ರಸಭಂಗ ಕಾಣದೆ ಇರುವುದಿಲ್ಲ.

ಗುರುತಿನ ಪ್ರಶ್ನೆಯ ಜತೆಗೆ ಬೆಲೆಯದೂ ಇದೆ. ಹರೆಯಕ್ಕೆ ಬೆಲೆ ಯಾರು ತೆರುತ್ತಾರೆ ಎಂಬುದನ್ನು ಮಹಾಭಾರತದ ಯಯಾತಿಯ ಕಥೆಯಷ್ಟು ನೇರವಾಗಿ ಕೇಳಿದ್ದು ಬೇರೊಂದಿಲ್ಲ. ಶುಕ್ರಾಚಾರ್ಯರ ಶಾಪದಿಂದ ಅಕಾಲದಲ್ಲಿ ಮುದುಕನಾದ ರಾಜ ತನ್ನ ಮುಪ್ಪನ್ನು ಮಕ್ಕಳಿಗೆ ಕೊಡಹೋಗುತ್ತಾನೆ. ಕಿರಿಯವನಾದ ಪೂರು ಒಪ್ಪುತ್ತಾನೆ. 1961ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ಯಯಾತಿ ನಾಟಕದಲ್ಲಿ ಮಹಾಭಾರತದಲ್ಲಿಲ್ಲದ ಒಂದು ಪಾತ್ರವಿದೆ: ಪೂರುವಿನ ಹೆಂಡತಿ ಚಿತ್ರಲೇಖೆ. ಅಪ್ಪ ಮಗನ ಒಪ್ಪಂದದಲ್ಲಿ ಅವಳನ್ನು ಯಾರೂ ಕೇಳಿಲ್ಲ. ಅವಳು ವಿಷ ಕುಡಿದು ಸಾಯುತ್ತಾಳೆ. ಲೆಕ್ಕಕ್ಕೆ ಬಾರದ ಮೂರನೆಯವರೇ ಬೆಲೆ ತೆರುತ್ತಾರೆ ಎಂಬುದನ್ನು ಯಾವ ನೈತಿಕ ಸಮಿತಿಯ ವರದಿಯೂ ಇದಕ್ಕಿಂತ ಚೆನ್ನಾಗಿ ಹೇಳಲಾರದು.

ಪ್ರಯೋಗಾಲಯದಲ್ಲೂ ಇದರ ನೆರಳಿದೆ. 2005ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಮುದಿ ಇಲಿ ಎಳೆ ಇಲಿಗಳನ್ನು ಪಕ್ಕೆಗೆ ಪಕ್ಕೆ ಹೊಲಿದು ರಕ್ತ ಒಂದಾಗಿ ಹರಿಯುವಂತೆ ಮಾಡಿದರು. ಮುದಿ ಇಲಿಯ ಸ್ನಾಯುವಿನ ಆಕರಕೋಶಗಳು ಮತ್ತೆ ಕೆಲಸಕ್ಕಿಳಿದವು. 2016ರಲ್ಲಿ ರಕ್ತವನ್ನಷ್ಟೇ ಅದಲುಬದಲು ಮಾಡಿ ನೋಡಿದಾಗ ತಿಳಿದದ್ದು ಬೇರೆ: ಮುದಿಗೆ ಆದ ಲಾಭಕ್ಕಿಂತ ಎಳೆಯದಕ್ಕೆ ಆದ ನಷ್ಟ ಹೆಚ್ಚು. ಅಷ್ಟರಲ್ಲಿ ಅಮೆರಿಕದಲ್ಲಿ ಹರೆಯದವರ ಪ್ಲಾಸ್ಮಾ ಮಾರುವ ಕ್ಲಿನಿಕ್ಕುಗಳು ಎದ್ದಿದ್ದವು. 2019ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಇದರಿಂದ ಪ್ರಯೋಜನ ಸಿದ್ಧವಾಗಿಲ್ಲ, ಅಪಾಯವುಂಟು ಎಂದು ಎಚ್ಚರಿಸಿತು. 2023ರಲ್ಲಿ ಅಲ್ಲಿನ ಒಬ್ಬ ಸಿರಿವಂತ ಉದ್ಯಮಿ ತನ್ನ ಹದಿನೇಳರ ಮಗನ ಪ್ಲಾಸ್ಮಾ ಏರಿಸಿಕೊಂಡು, ಗುಣ ಕಾಣಲಿಲ್ಲವೆಂದು ತಾನೇ ನಿಲ್ಲಿಸಿದ. ಎರವಲು ಹರೆಯದಿಂದ ತೃಪ್ತಿ ಸಿಗದೆಂದು ತಿಳಿಯಲು ಯಯಾತಿಗೆ ಸಾವಿರ ವರ್ಷ ಬೇಕಾಗಿತ್ತು.

ತನ್ನದೇ ಕೋಶದಿಂದ ಹರೆಯ ತೆಗೆದರೆ ಬೆಲೆಯೇ ಇಲ್ಲವೇ? ಇದೆ, ಅದನ್ನು ಮೈಯೇ ಕೇಳುತ್ತದೆ. ಯಮನಾಕರ ನಾಲ್ಕು ಜೀನ್‌ಗಳಲ್ಲಿ ಒಂದು ಕ್ಯಾನ್ಸರಿಗೂ ಬೇಕಾದದ್ದು. ಜೀವಂತ ಇಲಿಯ ಮೈಯಲ್ಲಿ ನಾಲ್ಕನ್ನೂ ಬಿಡುವಿಲ್ಲದೆ ಚಾಲೂ ಇಟ್ಟಾಗ ಅಂಗಾಂಗಗಳಲ್ಲಿ ಗೆಡ್ಡೆಗಳೆದ್ದವು. ತನ್ನ ಕೆಲಸ ಮರೆತು ಎಳೆಯದಾಗುತ್ತಲೇ ಹೋಗುವ ಕೋಶಕ್ಕೆ ನಿಲ್ಲುವುದು ಗೊತ್ತಿಲ್ಲ. ಗರ್ಭದಲ್ಲಿ ಕೈಬೆರಳು ಬಿಡಿಬಿಡಿಯಾಗುವುದು ನಡುವಿನ ಕೋಶಗಳು ಹೊತ್ತಿಗೆ ಸರಿಯಾಗಿ ಸಾಯುವುದರಿಂದ. ಸಾಯಲು ಒಪ್ಪದ ಕೋಶದ ಹೆಸರೇ ಕ್ಯಾನ್ಸರ್. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗೆಡ್ಡೆಯಿಂದ, ಆಕೆಯನ್ನು ಕೇಳದೆ ತೆಗೆದ ಕೋಶಗಳು ಜಗತ್ತಿನ ಪ್ರಯೋಗಾಲಯಗಳಲ್ಲಿ ಇಂದಿಗೂ ಒಡೆಯುತ್ತಿವೆ. ಆಕೆ ಅದೇ ವರ್ಷ ತೀರಿಕೊಂಡಿದ್ದರು. ಅಮರತ್ವ ಸಿಕ್ಕಿದ್ದು ಕೋಶಕ್ಕೆ, ಆಕೆಗಲ್ಲ.

ಮಾರುಕಟ್ಟೆಗೆ ಇಷ್ಟು ತಾಳ್ಮೆಯಿಲ್ಲ. ಫ್ಲಾರಿಡಾದ ಕ್ಲಿನಿಕ್ಕೊಂದರಲ್ಲಿ 2015ರಲ್ಲಿ ಮೂವರು ಮಹಿಳೆಯರ ಎರಡೂ ಕಣ್ಣುಗಳಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಚುಚ್ಚಿದರು. ಒಬ್ಬೊಬ್ಬರೂ ತೆತ್ತದ್ದು 5,000 ಡಾಲರ್. ಮಂದವಾಗಿದ್ದ ದೃಷ್ಟಿ ಸುಧಾರಿಸುವ ಬದಲು ತೀವ್ರವಾಗಿ ಕೆಟ್ಟಿತು. ಭಾರತದ 2017ರ ರಾಷ್ಟ್ರೀಯ ಮಾರ್ಗಸೂಚಿ ಆಕರಕೋಶವನ್ನು ಮಾಮೂಲಿ ಚಿಕಿತ್ಸೆಯಾಗಿ ಒಪ್ಪಿದ್ದು ರಕ್ತಸಂಬಂಧಿ ಕಾಯಿಲೆಗಳ ಮಜ್ಜೆಕಸಿಗೆ. ಉಳಿದದ್ದು ಅನುಮತಿ ಪಡೆದ ಪ್ರಯೋಗದ ಹಂತದ್ದು, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ. ಪ್ರಯೋಗ ದಾಟಿ ಬಂದವೂ ಇವೆ. ಬೀಡಿ ಸಿಗರೇಟಿನಿಂದ ರಕ್ತನಾಳ ಮುಚ್ಚಿ ಕಾಲು ಕೊಳೆಯುವ ಬ್ಯೂರ್ಗರ್ ಕಾಯಿಲೆಗೆ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಿದ್ಧಪಡಿಸಿದ ಕೋಶೌಷಧಿಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಕಾಲು ಕತ್ತರಿಸುವುದನ್ನು ತಪ್ಪಿಸುವುದು ಅದರ ಗುರಿ, ಹರೆಯ ತರುವುದಲ್ಲ.

ಕೊನೆಗೆ ಉಳಿಯುವುದು ಮುಪ್ಪು ರೋಗವೋ ಅಲ್ಲವೋ ಎಂಬುದು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಯ ಹನ್ನೊಂದನೆಯ ಪರಿಷ್ಕರಣೆಯಲ್ಲಿ ವೃದ್ಧಾಪ್ಯ ಎಂಬ ಪದವನ್ನೇ ಸೇರಿಸಹೊರಟು, ವಿರೋಧ ಬಂದಮೇಲೆ ಅದನ್ನು ಬದಲಿಸಿ, ವಯಸ್ಸಿನೊಂದಿಗೆ ಬರುವ ಸಾಮರ್ಥ್ಯದ ಕುಗ್ಗುವಿಕೆ ಎಂಬರ್ಥದ ಮಾತು ಹಾಕಿತು. ಸುಶ್ರುತಸಂಹಿತೆ ಇದನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿದೆ. ಅಲ್ಲಿ ಜರೆ ರೋಗವೇ, ಆದರೆ ಹಸಿವು, ಬಾಯಾರಿಕೆ, ನಿದ್ದೆ, ಸಾವುಗಳ ಸಾಲಿನಲ್ಲಿ ಕೂತ ಸ್ವಭಾವರೋಗ. ಹಸಿವನ್ನು ಯಾರೂ ಶಾಶ್ವತವಾಗಿ ವಾಸಿ ಮಾಡುವುದಿಲ್ಲ, ಹೊತ್ತುಹೊತ್ತಿಗೆ ಉಣ್ಣುತ್ತಾರೆ. ಈ ಸ್ವಭಾವರೋಗಗಳಲ್ಲೂ ಎರಡು ಬಗೆ: ಆರೈಕೆ ಸರಿಯಿದ್ದೂ ಕಾಲಕ್ಕೆ ಸರಿಯಾಗಿ ಬರುವುದು, ಆರೈಕೆ ತಪ್ಪಿ ಅಕಾಲದಲ್ಲಿ ಬರುವುದು. 2016ರಲ್ಲಿ ಕ್ಯಾಲಿಫೋರ್ನಿಯಾದ ಸಾಕ್ ಸಂಸ್ಥೆಯಲ್ಲಿ ಯಮನಾಕ ಜೀನ್‌ಗಳನ್ನು ವಾರಕ್ಕೆ ಎರಡು ದಿನ ಚಾಲೂ ಮಾಡಿ ಐದು ದಿನ ಆರಿಸಿ ಇಟ್ಟು ಇಲಿಗಳ ಆಯುಷ್ಯ ಹೆಚ್ಚಿಸಿದರು. ಗೆಡ್ಡೆ ಏಳಲಿಲ್ಲ. ಆ ಇಲಿಗಳು ಸಾಮಾನ್ಯ ಇಲಿಗಳಲ್ಲ, ಹುಟ್ಟುದೋಷದಿಂದ ಎಳವೆಯಲ್ಲೇ ಮುದಿಯಾಗುವ ಪ್ರೊಜೀರಿಯಾ ಇಲಿಗಳು. ಸುಶ್ರುತದ ಪಟ್ಟಿಯಲ್ಲಿ ಇಡುವುದಾದರೆ, ಅಲ್ಲಿ ತಡವಾದದ್ದು ಅಕಾಲದ ಜರೆ.